ಹುಣಸೆಮರದ ಎದುರು, ನೀಲಿ ಬಾಗಿಲು

ಟಕ್. ಸ್ವಲ್ಪ ಹೊತ್ತು ಬಿಟ್ಟು, ಟಕ್ ಟಕ್. ನಂಜನಗೂಡಿನ ನಮ್ಮ ಮನೆಯ ಮುಂಗೋಡೆಗೆ ಎರಡು ತಂತಿಯಲ್ಲಿ ತೂಗುಹಾಕಿದ್ದ ತಗಡಿನ ಬೋರ್ಡು, ಕಪಿಲೆಯ ಕಡೆಯಿಂದ ಗಾಳಿ ಎದ್ದಾಗಲೆಲ್ಲ ಗೋಡೆಗೆ ಬಡಿಯುತ್ತಿತ್ತು. ಬೆರಳ ಗೆಣ್ಣಿನಿಂದ ಯಾರೋ ಸಂಕೋಚದಿಂದ ಬಾಗಿಲು ತಟ್ಟಿದ ಹಾಗೆ. ಒಲೆಯ ಮುಂದಿದ್ದ ಅಮ್ಮ ಪ್ರತಿ ಸಲವೂ ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳುತ್ತಿದ್ದಳು:

"ಯಾರು?"

"ಯಾರೂ ಇಲ್ಲಮ್ಮ. ಬೋರ್ಡು."

ಈ 'ಯಾರು' ಎಂಬ ಮಾತನ್ನು ಅಮ್ಮ ಲೆಕ್ಕ ಹಾಕಿಯೇ ಆರಿಸಿಕೊಂಡಿದ್ದಳು ಎಂದು ನನಗೆ ಬಹಳ ತಡವಾಗಿ ತಿಳಿಯಿತು. ನಮ್ಮ ಮನೆಮಾತು ತಮಿಳು. ತಮಿಳಿನಲ್ಲೂ ಯಾರು, ಕನ್ನಡದಲ್ಲೂ ಯಾರು. ಬಾಗಿಲಾಚೆ ನಿಂತವರು ಯಾರೇ ಆಗಿರಲಿ, ಆ ಒಂದು ಮಾತಿನಿಂದ ನಾವು ಯಾರು ಎಂದು ಹೇಳಲು ಅವರಿಗೆ ಆಗುತ್ತಿರಲಿಲ್ಲ. ಉತ್ತರ ಬಂದ ಮೇಲೆ ಮುಂದಿನ ಮಾತು ಯಾವ ಭಾಷೆಯಲ್ಲಿ ಎಂದು ಅಮ್ಮ ತೀರ್ಮಾನಿಸುತ್ತಿದ್ದಳು. ಎಷ್ಟು ಸೇಫ್ ಆದ ಪದ ಅದು!

ನಾನು ಹುಟ್ಟಿ ಬೆಳೆದ ಮನೆ. ಮುಂದೆ ಕಿರಿದಾದ ಜಗುಲಿ, ಅದನ್ನು ದಾಟಿದರೆ ಹಾಲ್, ಆಮೇಲೆ ನಡುಮನೆ, ಅಡುಗೆಮನೆ, ಹಂಡೆ ಇದ್ದ ಬಚ್ಚಲು, ಹಿತ್ತಲಲ್ಲಿ ಒಂದು ನುಗ್ಗೆಮರ. ಅಪ್ಪ ರೈಲ್ವೆಯಲ್ಲಿ ಪಾರ್ಸೆಲ್ ಕ್ಲರ್ಕ್ ಆಗಿದ್ದವರು. ನಮ್ಮವರು ಎಲ್ಲಿಂದ ಯಾವಾಗ ಬಂದರು ಎಂಬುದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಡುಮನೆಯ ಹೊಸ್ತಿಲೇ ನಮ್ಮ ಬಾರ್ಡರ್. ಅದರ ಒಳಗೆ ತಮಿಳು, ಹೊರಗೆ ಕನ್ನಡ. ನಾನು ಮೈಸೂರಿನ ಕಾನ್ವೆಂಟ್ ಹಾಸ್ಟೆಲಿಗೆ ಹೋದ ಮೇಲೆ ಇಂಗ್ಲಿಷೂ ಸೇರಿತು, ಆದರೆ ಅದಕ್ಕೆ ಮನೆಯಲ್ಲಿ ಜಾಗವಿರಲಿಲ್ಲ. ನನ್ನ ಟ್ರಂಕಿನ ಜೊತೆ ಮಂಚದ ಕೆಳಗೆ ಬಿದ್ದಿರುತ್ತಿತ್ತು. ಅಮ್ಮ ಬೀದಿಬಾಗಿಲಿಗೆ ಊರಿನವರ ಹಾಗೆ ರಂಗೋಲಿ ಹಾಕುತ್ತಿದ್ದಳು; ಚುಕ್ಕಿಗಳನ್ನು ಸುತ್ತುವ ನಮ್ಮ ಕೋಲವನ್ನು ಹಿತ್ತಲ ತುಳಸಿಯ ಮುಂದೆ, ಯಾರೂ ಕಾಣದ ಕಡೆ. ಸಂಕ್ರಾಂತಿಯ ದಿನ ಹಿತ್ತಲಲ್ಲೇ ಮೂರು ಕಲ್ಲಿಟ್ಟು ಪೊಂಗಲ್ ಉಕ್ಕಿಸುತ್ತಿದ್ದೆವು. ಹಾಲು ಉಕ್ಕಿದಾಗ 'ಪೊಂಗಲೋ ಪೊಂಗಲ್' ಎಂದು ಎಲ್ಲರೂ ಕೂಗಬೇಕು. ನಾವು ಅದನ್ನು ಪಿಸುಗುಟ್ಟುತ್ತಿದ್ದೆವು. ಮೂರು ಜನ ಮಡಕೆಯ ಮೇಲೆ ಬಾಗಿ, ಹಬ್ಬದ ಕೂಗನ್ನು ಗುಟ್ಟಿನ ಹಾಗೆ ಹೇಳಿಕೊಳ್ಳುತ್ತಿದ್ದೆವು. ಎಲ್ಲರ ಮನೆಯಲ್ಲೂ ಹೀಗೇ ಎಂದು ನಾನು ಎಷ್ಟೋ ವರ್ಷ ತಿಳಿದಿದ್ದೆ.

ಅಮ್ಮನ ಕನ್ನಡದ ಬಗ್ಗೆ ಹೇಳಬೇಕು. ಅದನ್ನು ಅವಳು ಮದುವೆಯಾಗಿ ಬಂದ ಮೇಲೆ ಪಠ್ಯಪುಸ್ತಕದಿಂದ ಕಲಿತಿದ್ದಳು. ಒಂದು ಹಕಾರ ಜಾರುತ್ತಿರಲಿಲ್ಲ, ಒಂದು ಮಹಾಪ್ರಾಣ ಸಡಿಲವಾಗುತ್ತಿರಲಿಲ್ಲ. ಪಕ್ಕದ ಹಳ್ಳಿ ಹೆಡತಲೆಯಿಂದ ಬೆಳಗಿನ ಬಸ್ಸಿಗೆ ಹಾಲಿನ ಕ್ಯಾನ್ ಹೊತ್ತು ಬರುತ್ತಿದ್ದ ಗೌರಮ್ಮ ಜಗುಲಿಯಲ್ಲಿ ಕೂತು ಅಮ್ಮನ ಮಾತನ್ನು ತಮಾಷೆ ನೋಡಿದ ಹಾಗೆ ಕೇಳುತ್ತಿದ್ದಳು. ಅವಳು "ಆಲು ತಕ್ಕಳ್ರವ್ವ" ಎಂದರೆ ಅಮ್ಮ ಪಾತ್ರೆ ಹಿಡಿದು, "ಹಾಲು ಈ ದಿವಸ ಸ್ವಲ್ಪ ಹೆಚ್ಚಾಗಿಯೇ ಹಾಕು ಗೌರಮ್ಮ" ಎನ್ನುವಳು.

"ನಿಮ್ ಕನ್ನಡ ರೇಡಿಯೋ ಕನ್ನಡ ಕಣವ್ವ," ಎಂದು ಗೌರಮ್ಮ ನಗುತ್ತಿದ್ದಳು. "ನಮ್ಮೋರು ಯಾರೂ ಇಂಗ್ ಮಾತಾಡಾಕಿಲ್ಲ."

ಅಮ್ಮ ಅದನ್ನು ಹೊಗಳಿಕೆ ಎಂದುಕೊಂಡು ಒಳಗೆ ಬರುತ್ತಿದ್ದಳು.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ನನಗೆ ಮೂವತ್ತೈದರ ಹತ್ತಿರ. ಅದೇ ಕಾನ್ವೆಂಟಿನಲ್ಲಿ ಪಾಠ ಹೇಳಿಕೊಂಡಿದ್ದವಳು ಕೆಲಸ ಬಿಟ್ಟು ಈ ಮನೆಗೆ ಮರಳಿದ್ದೆ. ಅಪ್ಪನಿಗೆ ಗ್ಲಾಕೋಮಾ. ರಿಟೈರ್ ಆದಮೇಲೆ ಅವರು ಕಟ್ಟಿದ ಸಂಘದ ಬೋರ್ಡೇ ಗೋಡೆಗೆ ಬಡಿಯುತ್ತಿದ್ದದ್ದು: 'ಭಾಷಾ ಅಲ್ಪಸಂಖ್ಯಾತರ ಸಂಘ', ಕೆಳಗೆ ಅಪ್ಪನ ಹೆಸರು, ಕಾರ್ಯದರ್ಶಿ. ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕಿನ ತಮಿಳು, ತೆಲುಗು, ಉರ್ದು ಮನೆಗಳು ಅದರಲ್ಲಿದ್ದವು. ಭಾನುವಾರ ನಮ್ಮ ಹಾಲ್‌ನಲ್ಲಿ ಮೀಟಿಂಗ್. ಗಾರೆ ಕೆಲಸದವರು, ಪಾತ್ರೆಗೆ ಕಲಾಯಿ ಹಾಕುವವರು, ಬಳೆ ಮಾರುವವರು ಬಂದು ಚಾಪೆಯ ಮೇಲೆ ಕೂರುತ್ತಿದ್ದರು. ಅಮ್ಮ ಎಲ್ಲರಿಗೂ ಕಾಫಿ ಕೊಟ್ಟು, ಕಿಟಕಿ ಮುಚ್ಚಿ ಹೋಗುತ್ತಿದ್ದಳು. ಅಪ್ಪ ಎದ್ದು ಹೋಗಿ ತೆರೆಯುತ್ತಿದ್ದರು. ಅವಳು ಮತ್ತೆ ಮುಚ್ಚುತ್ತಿದ್ದಳು. ಅವರಿಬ್ಬರ ಜಗಳವೆಲ್ಲ ಆ ಕಿಟಕಿಯಲ್ಲೇ ನಡೆಯುತ್ತಿತ್ತು.

"ಕಾನ್‌ಸ್ಟಿಟ್ಯೂಷನ್‌ನಲ್ಲೇ ಬರೆದಿದೆ," ಎನ್ನುತ್ತಿದ್ದರು ಅಪ್ಪ. "ಮಗು ತನ್ನ ತಾಯಿಯ ಮಾತಿನಲ್ಲಿ ನಾಲ್ಕಕ್ಷರ ಕಲೀಬಹುದು ಅಂತ. ನಾವೇನು ಭಿಕ್ಷೆ ಕೇಳ್ತಾ ಇಲ್ಲ."

"ಬರೆದವರು ನಮ್ಮ ಬೀದಿಯಲ್ಲಿ ಇದಾರಾ?" ಎನ್ನುತ್ತಿದ್ದಳು ಅಮ್ಮ.

ಆ ವರ್ಷ ಸಂಘದ ಬೇಡಿಕೆ ಒಂದೇ. ನರಸೀಪುರದ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಮನೆಮಾತಿನ ಒಂದು ಕ್ಲಾಸು ಬೇಕು. ಅದಕ್ಕೆ ಇಷ್ಟು ಮಕ್ಕಳಿದ್ದಾರೆ ಎಂದು ತೋರಿಸಬೇಕು, ಮನೆ ಮನೆಯ ಪಟ್ಟಿ ಕೊಡಬೇಕು. ಅಪ್ಪನಿಗೆ ಆಗಲೇ ಅಕ್ಷರಗಳು ಮಂಜಾಗಿದ್ದವು. ಬರೆಯುವವಳು ನಾನಾದೆ. ಕಾನ್ವೆಂಟಿನ ಸಿಸ್ಟರ್ ಒಬ್ಬರು ಹೇಳುತ್ತಿದ್ದರು, ಅಡ್ರೆಸ್ ಬರೆದರೆ ಪೋಸ್ಟ್‌ಮ್ಯಾನ್ ಯಾರನ್ನೂ ಕೇಳದೆ ಮನೆ ಮುಟ್ಟಬೇಕು ಎಂದು. ಗಲ್ಲಿಗಳಲ್ಲಿ ಡೋರ್ ನಂಬರ್ ಇರಲಿಲ್ಲ. ಹಾಗಾಗಿ ನಾನು ಗುರುತು ಬರೆದೆ: 'ಪಂಪ್‌ಹೌಸಿನಿಂದ ಎಡಕ್ಕೆ ಮೂರನೆಯದು, ಹಸಿರು ಕಿಟಕಿ.' 'ಮುರಿದ ಕಟ್ಟೆಯ ಪಕ್ಕ, ತೆಂಗಿನ ಗರಿಯ ಚಪ್ಪರ.' ಬಸ್ಸಿನಲ್ಲಿ ವಾರಕ್ಕೆ ಎರಡು ಸಲ ನರಸೀಪುರಕ್ಕೆ ಹೋಗಿ, ಬಿಸಿಲಿನಲ್ಲಿ ಅಲೆದು, ರೂಲ್ಡ್ ಶೀಟಿನ ಮೇಲೆ ಬರೆದು ತಂದು ಅಪ್ಪನಿಗೆ ಓದಿ ಹೇಳುತ್ತಿದ್ದೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. "ನೀನು ಓದ್ತಾ ಇದ್ರೆ ನಾನೇ ನಡೆದು ಹೋದ ಹಾಗಿದೆ ಕಣ್ಣು," ಎಂದರು ಒಂದು ದಿನ. ಅವರು ನನ್ನನ್ನು ಕಣ್ಣು ಎಂದೇ ಕರೆಯುತ್ತಿದ್ದದ್ದು, ನಮ್ಮಲ್ಲಿ ಮಕ್ಕಳನ್ನು ಕರೆಯುವುದೇ ಹಾಗೆ. ಆ ದಿನ ಆ ಮಾತಿಗೆ ಬೇರೆ ಅರ್ಥವೂ ಬಂದಂತಿತ್ತು. ನನಗೆ ಎಷ್ಟು ಹೆಮ್ಮೆಯಾಯಿತು!

ಪಟ್ಟಿಯಲ್ಲಿ ಒಂದು ಮಗು ಕಡಿಮೆ ಬಿತ್ತು. ಸೇರಿಸಲು ಉಳಿದಿದ್ದವಳು ಸೆಲ್ವಿಯ ಮಗಳೊಬ್ಬಳೇ. ಸೆಲ್ವಿ ನರಸೀಪುರದ ಒಂದು ಗಲ್ಲಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಊರೂರು ತಿರುಗುವವನು. ಅವಳ ಮನೆಯ ಎದುರು ದೊಡ್ಡ ಹುಣಸೆಮರ, ಮನೆಗೆ ಕಣ್ಣು ಕುಕ್ಕುವ ನೀಲಿ ಬಾಗಿಲು. ಯಾವುದೋ ಕಟ್ಟಡದಲ್ಲಿ ಉಳಿದ ಪೇಂಟನ್ನು ಗಂಡ ತಂದು ಬಳಿದಿದ್ದನಂತೆ. ಮೂರು ಸಲ ಹೋದೆ. ಮೂರು ಸಲವೂ ಮಿಷಿನ್ನಿನ ಪೆಡಲ್ ನಿಲ್ಲಿಸದೆಯೇ ಮಾತಾಡಿದಳು.

"ನಮ್ಮನೆ ಬರೀಬೇಡಿ ಅಕ್ಕಾ. ನಂಗೆ ಗಿರಾಕಿಗಳೆಲ್ಲ ಊರಿನ ಗೌಡ್ತೀರೇ. ನಾನು ಯಾವ ಭಾಷೆ ಅಂತ ಯಾರೂ ಕೇಳಿಲ್ಲ. ಕೇಳೋ ಹಾಗೆ ನಾನೂ ಮಾಡ್ಕೊಂಡಿಲ್ಲ."

"ನಿನ್ನ ಮಗಳು ನಾಳೆ ನಿನ್ನ ಅಮ್ಮನಿಗೆ ಒಂದು ಲೆಟರ್ ಬರೀಬೇಕು ಅಂದ್ರೆ?"

ಪೆಡಲ್ ನಿಂತಿತು. ಸೆಲ್ವಿಗೆ ಯಾವ ಲಿಪಿಯೂ ಬರುತ್ತಿರಲಿಲ್ಲ. ನಾನು ಹೇಳಿದೆ, ಒಂದು ಹೆಸರಿಗೋಸ್ಕರ ಎಲ್ಲ ಮಕ್ಕಳ ಕ್ಲಾಸೂ ನಿಂತುಹೋಗುತ್ತದೆ ಎಂದು. ಅದು ನಿಜವೂ ಆಗಿತ್ತು. ಅವಳು ಹಲ್ಲಿನಿಂದ ದಾರ ಕಡಿದು, ಬಹಳ ಹೊತ್ತು ನನ್ನ ಪೆನ್ನಿನ ಕಡೆ ನೋಡಿದಳು.

"ನೀವು ಓದಿದೋರು. ನಿಮ್ಮ ಮೇಲೆ ಭಾರ ಹಾಕಿ ಹೇಳ್ತಾ ಇದೀನಿ. ಬರ್ಕೊಳ್ಳಿ."

ಬರೆದೆ: 'ಹುಣಸೆಮರದ ಎದುರು, ನೀಲಿ ಬಾಗಿಲು.'

ಫೇರ್ ಕಾಪಿ ಮಾಡಲು ಒಂದು ವಾರ ಹಿಡಿಯಿತು. ಅದನ್ನು ನಂಜನಗೂಡಿನ ಜೆರಾಕ್ಸ್ ಅಂಗಡಿಗೆ ಒಯ್ದೆ. ಅರ್ಜಿಯ ಜೊತೆ ಎರಡು ಪ್ರತಿ ಬೇಕಿತ್ತು. ಮೊದಲ ಪ್ರತಿಯಲ್ಲಿ ಹಾಳೆಗಳು ಸೊಟ್ಟಗೆ ಕೂತು, ಎಡಗಡೆಯ ಕ್ರಮಸಂಖ್ಯೆಯ ಕಾಲಂ ಅರ್ಧಕ್ಕೆ ಕತ್ತರಿಸಿಹೋಗಿತ್ತು. ಅಂಗಡಿಯವರು ನನ್ನ ಮುಖ ನೋಡಿ, "ಇದಕ್ಕೇನಾಗದೆ ಮೇಡಂ? ಓದಾಕ್ ಬತ್ತದಲ್ಲ" ಎಂದರು.

"ಮಾರ್ಜಿನ್ ಸೊಟ್ಟಗಿದೆ. ನೀಟಾಗಿ ಬೇರೆ ತೆಗೀರಿ."

"ಇದನ್ನ ಏನ್ ಮಾಡ್ಲಿ?"

"ಏನಾದ್ರೂ ಮಾಡ್ಕೊಳ್ಳಿ."

ಈ ಮಾತನ್ನು ನಾನು ಎಷ್ಟು ಸಲೀಸಾಗಿ ಹೇಳಿದೆ ಎಂದರೆ, ಮನೆಗೆ ಬರುವ ಹೊತ್ತಿಗೆ ಮರೆತೇಬಿಟ್ಟಿದ್ದೆ. ಕಾನ್ವೆಂಟಿನಲ್ಲಿ ಸೊಟ್ಟಗಾದ ಹಾಳೆಯನ್ನು ವೇಸ್ಟ್ ಬಾಸ್ಕೆಟ್‌ಗೆ ಹಾಕಿದರೆ ಅಲ್ಲಿಗೆ ಮುಗಿಯಿತು. ಅದು ಮತ್ತೆ ಎದ್ದು ನಡೆಯಬಹುದು ಎಂದು ಯಾರೂ ಕಲಿಸಿರಲಿಲ್ಲ.

ಅರ್ಜಿ ಹೋಯಿತು. ಅದರ ಬೆನ್ನಿಗೇ ಕಾವೇರಿ ನೀರಿನ ಗಲಾಟೆ ಎದ್ದಿತು. ಪೇಪರ್‌ನ ಅಕ್ಷರಗಳು ದಿನದಿನಕ್ಕೆ ದಪ್ಪವಾದವು. ಬಸ್ಸುಗಳು ಮಧ್ಯಾಹ್ನಕ್ಕೇ ನಿಲ್ಲತೊಡಗಿದವು. ನಮ್ಮ ಬೀದಿಯಲ್ಲಿ ಯಾರೂ ಏನೂ ಅನ್ನಲಿಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೇ. ದಿನಾ ಕರಿಬೇವು ಕೇಳಲು ಬರುತ್ತಿದ್ದ ಎದುರುಮನೆಯವರು ಬರಲಿಲ್ಲ. ಭಾನುವಾರದ ಮೀಟಿಂಗಿಗೆ ಮೊದಲು ಆರು ಜನ ಬಂದರು, ಮುಂದಿನ ವಾರ ಇಬ್ಬರು, ಆಮೇಲೆ ಹಾಸಿದ ಚಾಪೆಯ ಮೇಲೆ ಅಪ್ಪ ಒಬ್ಬರೇ. ಕಿಟಕಿ ಮುಚ್ಚಿದ್ದು ಅವರಿಗೆ ಕಾಣುತ್ತಿರಲಿಲ್ಲ. ಬೋರ್ಡು ಮಾತ್ರ ಬಡಿಯುತ್ತಲೇ ಇತ್ತು. ಅಮ್ಮ ಈಗ 'ಯಾರು' ಎಂದು ಕೇಳುವುದನ್ನೂ ಬಿಟ್ಟಿದ್ದಳು.

ಬಸ್ಸು ಇಲ್ಲದ ದಿನಗಳಲ್ಲಿ ಗೌರಮ್ಮ ಹೆಡತಲೆಯಿಂದ ಯಾರದೋ ಗಾಡಿ ಹತ್ತಿ ತಡವಾಗಿ ಬರುತ್ತಿದ್ದಳು. ಒಂದು ಬೆಳಗ್ಗೆ ಹಾಲು ಅಳೆಯದೆ ಕ್ಯಾನಿನ ಮೇಲೆ ಕೈಯಿಟ್ಟು ಕೂತಳು.

"ಅವ್ವಾ, ನೀವು ವಸಿ ಕೆಡಿಸ್ಕಂಡು ಮಾತಾಡ್ಬೇಕು. ನೀವು ಬಾಯಿ ಬುಟ್ರೆ ಗೊತ್ತಾಯ್ತದೆ. ಇಷ್ಟ್ ಚೆಂದಾಗಿ ಮಾತಾಡೋರು ನಮ್ಮೋರಲ್ಲ ಅಂತ ಯಾರಾದ್ರೂ ಏಳ್ತಾರೆ. ಆಲು ಅನ್ನಿ ನೋಡಮ."

"ಹಾಲು," ಎಂದಳು ಅಮ್ಮ.

"ಆಲು! ಎದೆಯಿಂದ ಗಾಳಿ ಬುಡಬ್ಯಾಡಿ."

"ಹಾ... ಆಲು."

"ಅಳ್ಳಿ."

"ಅಳ್ಳಿ."

ಅರವತ್ತು ದಾಟಿದ ನನ್ನ ಅಮ್ಮ, ನಲವತ್ತು ವರ್ಷ ಕಷ್ಟಪಟ್ಟು ಕೂಡಿಸಿಕೊಂಡ ಹಕಾರಗಳನ್ನು ಜಗುಲಿಯಲ್ಲಿ ಕೂತು ಒಂದೊಂದಾಗಿ ಕಳೆದುಕೊಂಡಳು. ಗೌರಮ್ಮ ನಕ್ಕಳು, ನಾನೂ ನಕ್ಕೆ. ಅಮ್ಮ ನಗಲಿಲ್ಲ. ಮರುದಿನವೂ ಪಾಠ ನಡೆಯಿತು. ಆ ಪಾಠದ ನಡುವೆಯೇ ಗೌರಮ್ಮ ನರಸೀಪುರದ ಸುದ್ದಿ ಹೇಳಿದ್ದು. ಅವಳ ತಂಗಿಯನ್ನು ಕೊಟ್ಟದ್ದು ಆ ಕಡೆಗೆ.

"ಪಡ್ಡೆ ಐಕ್ಳು ಗುಂಪು ಕಟ್ಕಂಡು ಬಂದಿದ್ರಂತೆ. ನಿಮ್ಮೋರ ಮನೆ ಮನೆ ಮುಂದೆ ನಿಂತ್ಕಂಡು ಓದುದ್ರಂತೆ."

ಗೌರಮ್ಮನ ಮಾತಿಗೆಲ್ಲ ಮನಸ್ಸಿನಲ್ಲೇ ಒಂದು ಹಕಾರ ಸೇರಿಸಿಕೊಂಡು ಕೇಳುವುದು ಅಮ್ಮನ ಅಭ್ಯಾಸ. ಅವಳ ಮುಖ ಸಡಿಲವಾಯಿತು.

"ಹೋದರಂತಾ? ಸದ್ಯ."

"ಓಗ್ಲಿಲ್ಲ ಕಣವ್ವ! ಓದುದ್ರು. ಕಾಗ್ದ ಇಡ್ಕಂಡು ಓದುದ್ರು. ಇಂತೋರ ಮನೆ, ಇಂತಾ ಗುರ್ತು, ಇಷ್ಟ್ ಜನ ಅಂತ, ಗಟ್ಟಿಯಾಗಿ."

ಅಮ್ಮ ನನ್ನ ಕಡೆ ತಿರುಗಲಿಲ್ಲ. ಪಾತ್ರೆ ಒಳಗಿಟ್ಟು ಬಂದು, ಜಗುಲಿಯ ಸ್ಟೂಲ್ ಹತ್ತಿ, ಹಾಡುಹಗಲಲ್ಲೇ ಬೋರ್ಡಿನ ತಂತಿ ಬಿಚ್ಚಿದಳು. ಅದನ್ನು ಬಚ್ಚಲಿಗೆ ಒಯ್ದು, ಅಕ್ಷರ ಕೆಳಗಾಗಿ ಹಂಡೆಯ ಬಾಯಿಗೆ ಮುಚ್ಚಿದಳು. ಒಳಗಿನಿಂದ ಅಪ್ಪ ಕೂಗಿದರು:

"ಗಾಳಿ ನಿಂತಿತಾ?"

"ನಿಂತಿತು," ಎಂದಳು ಅಮ್ಮ.

ಪಟ್ಟಿ ಹೊರಬಿದ್ದ ಸಂಗತಿ ನಾನೇ ಅಪ್ಪನಿಗೆ ಹೇಳಿದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. ಅರ್ಜಿ ಕೊಟ್ಟ ಕಚೇರಿಯಿಂದಲೇ ಹೋಗಿದೆ, ನಂಬಿ ಕೊಟ್ಟದ್ದಕ್ಕೆ ಹೀಗೆ ಮಾಡಿದರು ಎಂದರು. ನಾನೂ ಹಾಗೇ ನಂಬಿದೆ. ನಂಬುವುದು ಸುಲಭವಾಗಿತ್ತು. ಎರಡು ದಿನ ಬಿಟ್ಟು ಬಸ್ಸು ಹೊರಟಾಗ ನರಸೀಪುರಕ್ಕೆ ಹೋದೆ. ಗಲ್ಲಿಗಳಲ್ಲಿ ಹೊಸ ಪೇಂಟಿನ ವಾಸನೆ. ನನಗೆ ಮೊದಲು ಅರ್ಥವಾಗಲಿಲ್ಲ. ಪಂಪ್‌ಹೌಸಿನಿಂದ ಎಡಕ್ಕೆ ಮೂರನೆಯ ಮನೆಯ ಹಸಿರು ಕಿಟಕಿ ಕಾವಿ ಬಣ್ಣಕ್ಕೆ ತಿರುಗಿತ್ತು. ಚಪ್ಪರದ ತೆಂಗಿನ ಗರಿ ಕಿತ್ತಿದ್ದರು, ಬರೀ ಗಳುಗಳು ನಿಂತಿದ್ದವು. ಮುರಿದ ಕಟ್ಟೆಗೆ ಯಾರೋ ಹಸಿಮಣ್ಣು ಮೆತ್ತಿ ಸರಿಮಾಡಿದ್ದರು. ನಾನು ಬರೆದ ಒಂದೊಂದು ಸಾಲನ್ನೂ ಆ ಮನೆಯವರೇ ಕೈಯಾರೆ ಅಳಿಸುತ್ತಿದ್ದರು. ದಾರಿಯಲ್ಲಿ ಸಿಕ್ಕ ಗಾರೆ ಕೆಲಸದವರೊಬ್ಬರು, ನಮ್ಮ ಹಾಲ್‌ನಲ್ಲಿ ಕೂತು ಎಷ್ಟೋ ಸಲ ಕಾಫಿ ಕುಡಿದವರು, ನನ್ನನ್ನು ನೋಡಿ ಪಕ್ಕದ ಸಂದಿಗೆ ಇಳಿದುಬಿಟ್ಟರು.

ಸೆಲ್ವಿಯ ಬಾಗಿಲೂ ಕೆಂಪಾಗಿತ್ತು. ಒಂದೇ ಕೋಟು. ಅಡಿಯ ನೀಲಿ ಇನ್ನೂ ಅಲ್ಲಲ್ಲಿ ಇಣುಕುತ್ತಿತ್ತು. ಅವಳು ಒಳಗೆ ಕರೆಯಲಿಲ್ಲ, ಎಂದಿನ ತಮಿಳು ಬಿಟ್ಟು ಕನ್ನಡದಲ್ಲೇ ಮಾತಾಡಿದಳು.

"ಬಾಗಿಲಿಗೆ ಬಣ್ಣ ಬಳಿದೆ ಅಕ್ಕಾ. ಮರಕ್ಕೆ ಏನ್ ಮಾಡ್ಲಿ?"

ನಾನು ತಿರುಗಿ ಹುಣಸೆಮರ ನೋಡಿದೆ. ಅಷ್ಟು ದೊಡ್ಡ ಮರವನ್ನು ನಾನು ಅದುವರೆಗೆ ನೋಡಿರಲಿಲ್ಲ ಅನಿಸಿತು.

"ಕಚೇರಿಯವರು ಪಟ್ಟಿ ಹೊರಗೆ ಬಿಟ್ಟಿದಾರೆ ಸೆಲ್ವಿ. ಅಪ್ಪ ಕಂಪ್ಲೇಂಟ್ ಕೊಡ್ತಾರೆ."

"ಯಾರ್ ಬಿಟ್ರೋ. ಓದಿದವನು ಇಲ್ಲೇ ನಿಂತಿದ್ದ, ನೀವು ನಿಂತಿರೋ ಕಡೆ. ಮೊದಲು ಓದಕ್ಕೇ ಬರಲಿಲ್ಲ ಅವನಿಗೆ. ಕಾಗದ ಸೊಟ್ಟಕ್ಕಿತ್ತು. ಈ ಕಡೆ ನಂಬರೆಲ್ಲ ಅರ್ಧರ್ಧ ಕತ್ತರಿಸಿ ಹೋಗಿತ್ತು. ಎಷ್ಟನೇ ಮನೆ ಇದು ಅಂತ ನನ್ನನ್ನೇ ಕೇಳಿದ. ಆಮೇಲೆ ಜೊತೆಯವನಿಗೆ ತೋರಿಸಿ ಅಂದ, ನೋಡ್ಲಾ, ಅಕ್ಷರ ಎಷ್ಟ್ ಮುದ್ದಾಗಿ ಬರೆದವ್ಳೆ ಅಂತ."

ಅವಳು ನನ್ನನ್ನು ಬೈದಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ಬೈಯಲಿಲ್ಲ. ನನಗೆ ಯಾವ ಭಾಷೆಯಲ್ಲಿ ಹೇಳಬೇಕು ಎಂದು ತೋಚಲಿಲ್ಲ. ಇಂಗ್ಲಿಷಿನಲ್ಲಾದರೆ 'ಸಾರಿ' ಎಂಬ ಒಂದು ಪುಟ್ಟ ಪದವಿತ್ತು. ಅದನ್ನು ಅಲ್ಲಿ ಹೇಳಲು ನಾಚಿಕೆಯಾಯಿತು. ನಾಲ್ಕು ಗಂಟೆಯ ಬಸ್ಸಿದೆ ಎಂದು ಹೇಳಿ ಬಂದೆ.

ಅದಾದ ಮೂರನೆಯ ದಿನ ಮಧ್ಯಾಹ್ನ, ಊಟದ ಹೊತ್ತಿಗೆ, ಆ ಹುಡುಗರು ನರಸೀಪುರಕ್ಕೆ ಮತ್ತೆ ಬಂದರು. ಈ ಸಲ ಓದಲಿಲ್ಲ. ಗೌರಮ್ಮನ ತಂಗಿ ಕಂಡದ್ದಿಷ್ಟು: ಹುಣಸೆಮರದ ಕೆಳಗೆ ಹೊಲಿಗೆ ಮಿಷಿನ್ ಉರಿಯುತ್ತಿತ್ತು, ಸುತ್ತ ಊರಿನ ಹೆಂಗಸರದ್ದೇ ಅರ್ಧ ಹೊಲಿದ ಬ್ಲೌಸುಗಳು. ಆ ಹೆಂಗಸರಲ್ಲೇ ಒಬ್ಬರು ತಾಯಿ ಮಗಳನ್ನು ತಮ್ಮ ದನದ ಕೊಟ್ಟಿಗೆಯಲ್ಲಿ ಎರಡು ದಿನ ಇಟ್ಟುಕೊಂಡು, ಆಮೇಲೆ ಯಾವುದೋ ಬಸ್ಸು ಹತ್ತಿಸಿದರಂತೆ. ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಕೇಳಿದರೂ ಯಾರೂ ಬರೆದಿಡುತ್ತಿರಲಿಲ್ಲ.

ಗಲಾಟೆ ತಣ್ಣಗಾದ ಮೇಲೆ ಎದುರುಮನೆಯವರು ಕರಿಬೇವಿಗೆ ಬಂದರು. ನಮ್ಮ ಮನೆಯ ಒಂದು ಹೆಂಚೂ ಒಡೆಯಲಿಲ್ಲ. ಅಪ್ಪ ಆ ಕಚೇರಿಗೆ ಕಾಗದದ ಮೇಲೆ ಕಾಗದ ಬರೆಸಿದರು, ನನ್ನ ಕೈಯಲ್ಲೇ. 'ತಮ್ಮ ಬೇಜವಾಬ್ದಾರಿಯಿಂದ' ಎಂದು ಅವರು ಹೇಳುತ್ತಿದ್ದರು. ನಾನು ನೀಟಾಗಿ ಮಾರ್ಜಿನ್ ಬಿಟ್ಟು ಬರೆಯುತ್ತಿದ್ದೆ. ಒಂದೊಂದು ಮಧ್ಯಾಹ್ನ, "ಆ ಪಟ್ಟಿ ಒಂದು ಸಲ ಓದು ಕಣ್ಣು" ಎನ್ನುವರು. ಮೂಲ ಪ್ರತಿ ನನ್ನ ಹಳೆಯ ಟ್ರಂಕಿನಲ್ಲಿತ್ತು. ಓದುತ್ತಿದ್ದೆ. ಹುಣಸೆಮರದ ಎದುರು, ನೀಲಿ ಬಾಗಿಲು. ಅವರ ಕಣ್ಣಿನೊಳಗಿನ ನರಸೀಪುರದಲ್ಲಿ ಆ ಬಾಗಿಲು ಕೊನೆಯವರೆಗೂ ನೀಲಿಯಾಗಿಯೇ ಉಳಿಯಿತು. ಎರಡು ಸಾವಿರದ ಇಸವಿಯ ಆಚೆ ಅವರು ತೀರಿಕೊಂಡರು, ಕಚೇರಿಯನ್ನು ಬೈದುಕೊಂಡೇ. ಅವರ ಮುಂದೆ ಹೇಳಲು ನನಗೆ ಹತ್ತು ವರ್ಷಕ್ಕೂ ಮಿಕ್ಕಿ ಸಮಯವಿತ್ತು. ಅಮ್ಮನಿಗೆ ಆ ಹಕಾರಗಳು ಮರಳಿ ಬರಲೇ ಇಲ್ಲ. ಕೊನೆಗಾಲದಲ್ಲಿ, ಹೆದರುವ ಕಾರಣವೆಲ್ಲ ಮುಗಿದುಹೋದ ಮೇಲೂ, ಲೋಟ ಹಿಡಿದು ಕೂತರೆ 'ಆಲು' ಎಂದೇ ಕೇಳುತ್ತಿದ್ದಳು.

ಅಮ್ಮ ಹೋದ ಮರುವರ್ಷ ಗೌರಮ್ಮನ ಬಾಯಿಂದಲೇ ತಿಳಿಯಿತು, ಹುಲ್ಲಹಳ್ಳಿಯಲ್ಲಿ ಸೆಲ್ವಿಯಂಥವಳೇ ಒಬ್ಬಳು ಹೊಲಿಗೆ ಹಾಕುತ್ತಾಳೆಂದು. ಅಡ್ರೆಸ್ ಅವಳಿಗೂ ಗೊತ್ತಿರಲಿಲ್ಲ. ಹುಲ್ಲಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿಳಿದು, ನಾಲೆಯ ಪಕ್ಕದ ಬೀದಿಯಲ್ಲಿ ಕೇಳುತ್ತ ಹೋದೆ. ಬೆಳಗಿನ ಹನ್ನೊಂದು ಗಂಟೆ. ಒಂದು ಮನೆಯೊಳಗಿನಿಂದ ಪೆಡಲಿನ ಸದ್ದು ಬರುತ್ತಿತ್ತು. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಮೂರು ಭಾಷೆಯಲ್ಲೂ ಜೋಡಿಸಿಕೊಂಡು ಬಂದಿದ್ದೆ. ಬಾಗಿಲು ತಟ್ಟಿದೆ. ಬೆರಳ ಗೆಣ್ಣಿನಿಂದ, ಮೆಲ್ಲಗೆ. ಟಕ್. ಟಕ್ ಟಕ್.

ಪೆಡಲ್ ನಿಂತಿತು.

"ಯಾರು?"

ಅದು ಯಾವ ಭಾಷೆಯ 'ಯಾರು' ಎಂದು ತಿಳಿಯಲಿಲ್ಲ. ಬಾಗಿಲು ಒಂದು ಗೇಣು ತೆರೆಯಿತು. ಸೆಲ್ವಿಯೇ. ಕನ್ನಡಕ ಬಂದಿತ್ತು, ಕೊರಳಿಗೆ ಅಳತೆ ಟೇಪು, ತುಟಿಯ ನಡುವೆ ಒಂದು ಸೂಜಿ. ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ ನೋಡಿದಳು, ಪೆನ್ನು ಹಿಡಿಯುವ ಬಲಗೈ. ಗುರುತು ಹಿಡಿಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಒಳಗಿನಿಂದ ಬೆಳೆದ ಹುಡುಗಿಯೊಬ್ಬಳ ದನಿ, ಅಚ್ಚ ಹುಲ್ಲಹಳ್ಳಿಯ ಕನ್ನಡ:

"ಯಾರವ್ವಾ ಅದು?"

ಸೆಲ್ವಿ ತುಟಿಯಿಂದ ಸೂಜಿ ತೆಗೆದು, ನನ್ನಿಂದ ಕಣ್ಣು ಕೀಳದೆ ಮಗಳಿಗೆ ಹೇಳಿದಳು:

"ಯಾರೋ ಕಣಮ್ಮಿ. ಅಡ್ರೆಸ್ ತಪ್ಪಿ ಬಂದವ್ರೆ."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಅದಕ್ಕೆ ಯಾವ ಬಣ್ಣವನ್ನೂ ಬಳಿದಿರಲಿಲ್ಲ.